ಉಂಡ ಹೋಟೆಲಿನ ಜಂತೆ ಎಣಿಸುವುದು



ಇಂದು ನಾನು ಮಾತಾಡಲು ಹೊರಟಿರುವ ವಿಷಯ ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಹೋಟೆಲಿನ ತಿಂಡಿ ಊಟದ ಬಗ್ಗೆ ಮೊಬೈಲಿನಲ್ಲಿ ವಿಡಿಯೋಗಳು ಬರುತ್ತವಲ್ಲ, ಅವುಗಳಲ್ಲಿ ಒಳ್ಳೆಯದು ಯಾವುದು, ಪೊಳ್ಳು ಯಾವುದು ಎಂಬುದೇ ಇಂದಿನ ವಿಷಯ. ತಿನ್ನುವುದು, ಚೆನ್ನಾಗಿದೆ ಎನ್ನುವುದು, ಇದರಲ್ಲಿ ಭಾಷಣ ಮಾಡುವಂಥದ್ದೇನಿದೆ ಎಂದು ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ. ಈ ವಿಷಯದಲ್ಲಿ ನಿಮ್ಮ ದುಡ್ಡಿದೆ, ಒಬ್ಬ ಬಡ ಹೋಟೆಲಿನವನ ಅನ್ನವಿದೆ, ಜೊತೆಗೆ ನಮ್ಮ ಭಾಷೆಯ ಮಾನವೂ ಇದೆ.

2016 ರಲ್ಲಿ ಜಿಯೋ ಬಂದು ಮೊಬೈಲ್ ಡೇಟಾ ಅಗ್ಗವಾದ ಮೇಲೆ ಹಳ್ಳಿಯ ಕಟ್ಟೆಯ ಮೇಲೂ ಯೂಟ್ಯೂಬ್ ಬಂದು ಕೂತಿತು. ಈಗ ತಾಳವಾಡಿಯವರು ಚಾಮರಾಜನಗರಕ್ಕೆ, ಅಕ್ಕಲಕೋಟೆಯವರು ಸೊಲ್ಲಾಪುರಕ್ಕೆ, ಮಂಜೇಶ್ವರದವರು ಮಂಗಳೂರಿಗೆ, ರಾಯದುರ್ಗದವರು ಬಳ್ಳಾರಿಗೆ ಕೆಲಸದ ಮೇಲೆ ಹೊರಟರೆ, ಮನೆಯ ಹುಡುಗರು ಮೊದಲು ಮೊಬೈಲ್ ತೆಗೆದು ನೋಡುತ್ತಾರೆ. 'ಅಲ್ಲಿ ಊಟ ಎಲ್ಲಿ ಚೆನ್ನಾಗಿದೆ?' ಎಂಬ ಪ್ರಶ್ನೆಯನ್ನು ಹಿಂದೆ ಬಸ್ಸಿನ ಕಂಡಕ್ಟರನಿಗೋ ಸಂತೆಗೆ ಹೋಗಿ ಬಂದವರಿಗೋ ಕೇಳುತ್ತಿದ್ದೆವು. ಆ ಕಂಡಕ್ಟರನ ಜಾಗದಲ್ಲಿ ಈಗ ಈ ವಿಡಿಯೋದವರು ನಿಂತಿದ್ದಾರೆ. ಕಂಡಕ್ಟರ್ ತಪ್ಪು ಹೇಳಿದ್ದರೆ ಮರುದಿನ ಅದೇ ಬಸ್ಸಿನಲ್ಲಿ ಅವನನ್ನು ಹಿಡಿದು ಕೇಳಬಹುದಿತ್ತು. ವಿಡಿಯೋದವನು ಎಲ್ಲಿ ಸಿಗುತ್ತಾನೆ? ಆದ್ದರಿಂದ ನೋಡುವಾಗಲೇ ಜೊಳ್ಳು ತೂರಿ ಕಾಳು ಆರಿಸಿಕೊಳ್ಳುವ ಬುದ್ಧಿ ನಮಗೆ ಬೇಕು.

ಹೋಟೆಲಿನ ಬಗ್ಗೆ ಅಭಿಪ್ರಾಯ ಹೇಳುವುದು ಇಂದು ನಿನ್ನೆಯ ಕೆಲಸವಲ್ಲ. ಫ್ರಾನ್ಸಿನ ಮಿಶೆಲಿನ್ ಎಂಬ ಟೈರ್ ಕಂಪೆನಿ 1900 ರಲ್ಲಿ ಮೋಟಾರು ಪ್ರಯಾಣಿಕರಿಗಾಗಿ ಒಂದು ಕೈಪಿಡಿ ಹೊರತಂದಿತು. ಜನ ಹೆಚ್ಚು ತಿರುಗಾಡಿದರೆ ಟೈರು ಹೆಚ್ಚು ಸವೆಯುತ್ತದೆ, ಸವೆದರೆ ಹೊಸ ಟೈರು ಮಾರಾಟವಾಗುತ್ತದೆ ಎಂಬ ವ್ಯಾಪಾರದ ಲೆಕ್ಕ ಅದರ ಹಿಂದಿತ್ತು. 1926 ರಿಂದ ಆ ಕೈಪಿಡಿ ಒಳ್ಳೆಯ ಹೋಟೆಲುಗಳಿಗೆ ನಕ್ಷತ್ರದ ಗುರುತು ಹಾಕತೊಡಗಿತು. ಕೆಲವು ವರ್ಷಗಳಲ್ಲಿ ಆ ನಕ್ಷತ್ರಗಳು ಒಂದು, ಎರಡು, ಮೂರು ಎಂದಾದವು. ಅವುಗಳ ಅರ್ಥ ಕೇಳಿ. ಎರಡು ನಕ್ಷತ್ರವೆಂದರೆ, ದಾರಿ ಬಿಟ್ಟು ಸುತ್ತು ಹಾಕಿ ಹೋದರೂ ನಷ್ಟವಿಲ್ಲ. ಮೂರು ಎಂದರೆ, ಅಲ್ಲಿ ಉಣ್ಣುವುದಕ್ಕೆಂದೇ ಪ್ರಯಾಣ ಹೊರಡಬಹುದು.

ಈ ಅಳತೆಗೋಲು ನನಗೆ ಹಿಡಿಸಿತು. ಏಕೆಂದರೆ ನಾವು ಗಡಿಯ ಹಳ್ಳಿಯವರು ಕೇಳುವುದೂ ಇದನ್ನೇ. ಬಸ್ ಸ್ಟ್ಯಾಂಡಿನಿಂದ ಅರ್ಧ ಮೈಲು ನಡೆದು ಹೋಗಬಹುದೇ? ಆಟೋಕ್ಕೆ ದುಡ್ಡು ಕೊಟ್ಟು ಹೋಗಬಹುದೇ? ಅಥವಾ ಹಬ್ಬದ ದಿನ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಸ್ಸು ಹತ್ತಬಹುದೇ? ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಕೊಟ್ಟ ವಿಡಿಯೋ ಒಳ್ಳೆಯ ವಿಡಿಯೋ. ಉತ್ತರ ಕೊಡದೆ ಬರೀ ಬಾಯಲ್ಲಿ ನೀರೂರಿಸಿ ಹೋದದ್ದು ಜಾಹೀರಾತು.

ಹಾಗಾದರೆ ಒಳ್ಳೆಯದನ್ನು ಗುರುತಿಸುವುದು ಹೇಗೆ? ನಾನು ಎರಡು ಪರೀಕ್ಷೆ ಹೇಳುತ್ತೇನೆ. ಮೊದಲನೆಯದು, ಕಣ್ಣು ಮುಚ್ಚಿ ಕೇಳುವುದು. ಎರಡನೆಯದು, ಕಿವಿ ಮುಚ್ಚಿ ನೋಡುವುದು.

ಕ್ಯಾಮೆರಾಕ್ಕೆ ಕಣ್ಣಿದೆ, ನಾಲಗೆಯಿಲ್ಲ, ಮೂಗಿಲ್ಲ. ದೋಸೆಯ ಕೆಂಪು ಬಣ್ಣ, ಕರಗುವ ಬೆಣ್ಣೆ, ಸಾಂಬಾರಿನ ಮೇಲೇಳುವ ಹಬೆ, ಇಷ್ಟನ್ನು ಅದು ತೋರಿಸಬಲ್ಲದು. ಎಣ್ಣೆ ಕಮಟು ಬಂದಿದೆಯೇ, ಬೇಳೆ ಹಸಿ ವಾಸನೆ ಬರುತ್ತಿದೆಯೇ, ಹುಳಿ ಹೆಚ್ಚಾಗಿದೆಯೇ ಎಂಬುದನ್ನು ಹೇಳಬೇಕಾದವನು ಮನುಷ್ಯ. ಆ ಮನುಷ್ಯ ಏನು ಮಾಡುತ್ತಾನೆ? ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, 'ಸೂಪರ್' ಎನ್ನುತ್ತಾನೆ. ಎರಡನೆಯ ತುತ್ತಿಗೆ 'ಅದ್ಭುತ' ಎನ್ನುತ್ತಾನೆ. ಮೂರನೆಯ ತುತ್ತಿಗೆ 'ಬೇರೆ ಲೆವೆಲ್' ಎನ್ನುತ್ತಾನೆ. ಕಣ್ಣು ಮುಚ್ಚಿಕೊಂಡು ಕೇಳಿದರೆ, ಅವನು ತಿಂದದ್ದು ಇಡ್ಲಿಯೋ ಮೀನು ಹುರಿದದ್ದೋ ನಮಗೆ ತಿಳಿಯುವುದಿಲ್ಲ.

ರೇಡಿಯೋದವರಿಗೆ ಈ ಸೌಲಭ್ಯ ಎಂದೂ ಇರಲಿಲ್ಲ. ರೇಡಿಯೋದಲ್ಲಿ ಅಡುಗೆ ಹೇಳಿಕೊಡುವ ಹೆಂಗಸರು ಬಾಣಲೆ ತೋರಿಸುವಂತಿರಲಿಲ್ಲ. 'ಸಾಸಿವೆ ಚಟಪಟ ಎಂದ ಮೇಲೆ', 'ಹಿಟ್ಟು ಕೈಗೆ ಅಂಟದ ಹದಕ್ಕೆ', 'ಪಾಕ ಎಳೆ ಬರುವಾಗ' ಎಂದು ಮಾತಿನಲ್ಲೇ ಹದ ತೋರಿಸುತ್ತಿದ್ದರು. ಕೇಳಿದವರು ಅದೇ ಹದದಲ್ಲಿ ಮಾಡುತ್ತಿದ್ದರು. ವಿಡಿಯೋದವರು ಕಲಿಯಬೇಕಾದದ್ದು ಅವರಿಂದ.

ಮಾತಿಗೇನು ನಮ್ಮಲ್ಲಿ ಬರವೇ? ಉಪ್ಪು, ಹುಳಿ, ಖಾರ, ಸಿಹಿ, ಕಹಿ, ಒಗರು ಎಂಬ ಆರು ರುಚಿ ಇದ್ದೇ ಇವೆ. ಅದಲ್ಲದೆ ಸಪ್ಪೆ, ಘಾಟು, ಕಮಟು, ಸೀಕಲು ಇವೆ. ಗರಿಗರಿ ಬೇರೆ, ಕರುಂಕುರುಂ ಬೇರೆ. ಮೆತ್ತಗೆ ಬೇರೆ, ಜಿಗುಟು ಬೇರೆ. ಅನ್ನ ಉದುರುದುರಾಗಿದೆಯೋ ಮುದ್ದೆಯಾಗಿದೆಯೋ, ಚಟ್ನಿ ನುಣ್ಣಗಿದೆಯೋ ತರಿತರಿಯಾಗಿದೆಯೋ, ಹೇಳಲು ಒಂದೊಂದು ಮಾತು ಸಾಕು. ಒಂದು ಉದಾಹರಣೆ ಕೇಳಿ: 'ದೋಸೆಯ ಅಂಚು ಗರಿಗರಿ, ನಡುವೆ ಮೆತ್ತಗೆ. ಹಿಟ್ಟು ಹುಳಿ ಬಂದಿದೆ, ಮಿತಿ ಮೀರಿಲ್ಲ. ಚಟ್ನಿಯಲ್ಲಿ ಕಾಯಿಗಿಂತ ಹುರಿಗಡಲೆ ಹೆಚ್ಚು, ಅದಕ್ಕೇ ಬಾಯಲ್ಲಿ ಹಿಟ್ಟುಹಿಟ್ಟು. ಸಾಂಬಾರಿನಲ್ಲಿ ಬೆಲ್ಲ ಮುಂದೆ, ಖಾರ ಹಿಂದೆ.' ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಇದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಆದರೂ ಬೆಲ್ಲದ ಸಾಂಬಾರು ಇಷ್ಟಪಡುವವರು ಹೋಗುತ್ತಾರೆ, ಇಷ್ಟವಿಲ್ಲದವರು ಬೇರೆ ಹೋಟೆಲು ಹುಡುಕುತ್ತಾರೆ. ಇಬ್ಬರಿಗೂ ಉಪಕಾರವಾಯಿತು.

ಇನ್ನು ಕಿವಿ ಮುಚ್ಚಿ ನೋಡುವ ಪರೀಕ್ಷೆ. ಮೊಬೈಲಿನ ಶಬ್ದ ಪೂರ್ತಿ ಕಡಿಮೆ ಮಾಡಿ, ಹಿನ್ನೆಲೆಯ ಸಂಗೀತವಿಲ್ಲದೆ, ಬರೀ ಚಿತ್ರ ನೋಡಿ. ಏನೇನು ಕಾಣುತ್ತದೆ? ಹೋಟೆಲಿನ ಬೋರ್ಡು ಕಂಡಿತೇ? ಬಸ್ ಸ್ಟ್ಯಾಂಡಿನಿಂದ ಹೋಗುವ ದಾರಿ ಕಂಡಿತೇ? ದರಪಟ್ಟಿ ಕಂಡಿತೇ? ತಟ್ಟೆಯ ಪಕ್ಕದಲ್ಲಿ ಕೈಯನ್ನೋ ಲೋಟವನ್ನೋ ಇಟ್ಟು ತೋರಿಸಿದರೆ ಪ್ರಮಾಣ ತಿಳಿಯುತ್ತದೆ. ಬರೀ ತಟ್ಟೆಯನ್ನು ಹತ್ತಿರದಿಂದ ತೋರಿಸಿದರೆ ಒಂದು ವಡೆ ಬೀಸುವ ಕಲ್ಲಿನಷ್ಟು ದೊಡ್ಡದಾಗಿ ಕಾಣುತ್ತದೆ. ಕೈತೊಳೆಯುವ ಜಾಗ ತೋರಿಸಿದರೇ? ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ತೋರಿಸಿದರೇ? ಹೋಟೆಲಿನಲ್ಲಿ ಎಫ್‌ಎಸ್‌ಎಸ್‌ಎಐ ಕೊಟ್ಟ ಹದಿನಾಲ್ಕು ಅಂಕಿಯ ನಂಬರಿನ ಪತ್ರವನ್ನು ಕಾಣುವಂತೆ ತೂಗುಹಾಕಬೇಕು ಎಂಬ ನಿಯಮವಿದೆ. ಒಂದು ಸಲ ಕ್ಯಾಮೆರಾ ಅತ್ತ ತಿರುಗಿಸಲು ಎಷ್ಟು ಹೊತ್ತು ಬೇಕು?

ಎಲ್ಲಕ್ಕಿಂತ ಮುಖ್ಯ, ಬಿಲ್ಲು. ಊಟ ಮುಗಿದ ಮೇಲೆ ಬಿಲ್ಲನ್ನು ಕ್ಯಾಮೆರಾದ ಮುಂದೆ ಹಿಡಿಯುವವನ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಅದರಲ್ಲಿ ತಿಂಗಳು ತಾರೀಕು ಇರುತ್ತದೆ, ಬೆಲೆ ಇರುತ್ತದೆ, ತೆರಿಗೆ ಇರುತ್ತದೆ. ಪಟ್ಟಣದ ಕೆಲವು ದೊಡ್ಡ ಹೋಟೆಲುಗಳಲ್ಲಿ ಕೇಳದೆಯೇ ಸೇವಾ ಶುಲ್ಕ ಸೇರಿಸುತ್ತಾರೆ. ಹಾಗೆ ತಾನಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022 ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತು. ದಿಲ್ಲಿ ಹೈಕೋರ್ಟು 2025 ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಬಿಲ್ಲು ತೋರಿಸಿದರೆ ಇಂಥ ಸಂಗತಿಯೂ ನೋಡುವವರಿಗೆ ತಿಳಿಯುತ್ತದೆ. ಎರಡು ವರ್ಷದ ಹಿಂದಿನ ವಿಡಿಯೋ ನಂಬಿ ಹೋಗಿ, ಬೆಲೆ ಒಂದೂವರೆ ಪಟ್ಟಾದದ್ದು ಕಂಡು ಗಲ್ಲಾದ ಮುಂದೆ ಜಗಳ ಮಾಡುವುದೂ ತಪ್ಪುತ್ತದೆ.

ಈ ಎರಡು ಪರೀಕ್ಷೆಯಲ್ಲಿ ಗೆದ್ದರೆ ಅರ್ಧ ಕೆಲಸವಾಯಿತು. ಮುಂದಿನದು, ತಿನ್ನುವ ಪದಾರ್ಥದ ಜಾತಕ ಗೊತ್ತಿರುವುದು.

ನೀರುದೋಸೆ ತಿಂದು 'ಗರಿಗರಿ ಇಲ್ಲ' ಎಂದು ದೂರುವವರನ್ನು ಕಂಡಿದ್ದೇನೆ. ನೀರುದೋಸೆ ಹುದುಗು ಬರಿಸದ ಅಕ್ಕಿ ಹಿಟ್ಟಿನಿಂದ ಮಾಡುವಂಥದ್ದು, ಅದು ತೆಳ್ಳಗೆ ಮೆತ್ತಗೆ ಇರಬೇಕಾದದ್ದೇ. ಸೊಲ್ಲಾಪುರ ಕಡೆಯ ಕಡಕ್ ರೊಟ್ಟಿ ತಿಂದು 'ಒಣಗಿಹೋಗಿದೆ' ಎಂದರೆ, ಒಣಗಿಸಿದ್ದೇ ಅದರ ಗುಣವಲ್ಲವೇ? ಕಾಸರಗೋಡಿನ ಊಟದಲ್ಲಿ ಕುಚ್ಚಲಕ್ಕಿ ಅನ್ನ ಕಂಡು 'ಅಕ್ಕಿ ದಪ್ಪ' ಎನ್ನುವುದು, ತೆಂಗಿನೆಣ್ಣೆಯ ಒಗ್ಗರಣೆಗೆ ಮೂಗು ಮುರಿಯುವುದು, ರಾಗಿಮುದ್ದೆಯನ್ನು ಚೂಯಿಂಗ್ ಗಮ್ಮಿನಂತೆ ಅಗಿದು 'ಹಲ್ಲಿಗೆ ಅಂಟುತ್ತದೆ' ಎನ್ನುವುದು, ಇವೆಲ್ಲ ತಿಂದವನ ಅಜ್ಞಾನವೇ ಹೊರತು ಬಡಿಸಿದವರ ದೋಷವಲ್ಲ. ಆ ಪದಾರ್ಥ ಆ ಊರಿನಲ್ಲಿ ಹೇಗಿರಬೇಕೋ ಹಾಗಿದೆಯೇ ಎಂದು ನೋಡುವುದು ನ್ಯಾಯ. ನಮ್ಮ ಮನೆಯಲ್ಲಿ ಇದ್ದಂತೆ ಇದೆಯೇ ಎಂದು ನೋಡುವುದು ಅನ್ಯಾಯ.

ಇಲ್ಲಿ ಒಂದು ಮಾತು. ಗಡಿನಾಡಿನವರಾದ ನಮಗೆ ಇದರಲ್ಲಿ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ. ನಮಗೆ ಎರಡು ಭಾಷೆ ಬರುತ್ತದೆ. ಒಂದೇ ಪದಾರ್ಥಕ್ಕೆ ಗಡಿಯ ಎರಡೂ ಕಡೆ ಎರಡು ಹೆಸರು. ಅನಂತಪುರ, ಕರ್ನೂಲು ಕಡೆ ಉಗ್ಗಾಣಿ ಎಂದು ಮಿರ್ಚಿ ಬಜ್ಜಿಯ ಜೊತೆ ಕೊಡುವುದು ನಮ್ಮ ಮಂಡಕ್ಕಿ ಒಗ್ಗರಣೆಯ ಮನೆತನದ್ದೇ. ಅದನ್ನೇ ಉತ್ತರ ಕರ್ನಾಟಕದಲ್ಲಿ ಸುಸ್ಲಾ ಎನ್ನುತ್ತಾರೆ. ನಮ್ಮ ಪಲ್ಯ ತಮಿಳಿನಲ್ಲಿ ಪೊರಿಯಲ್ ಆಗುತ್ತದೆ, ಮಲಯಾಳದಲ್ಲಿ ತೋರನ್ ಆಗುತ್ತದೆ. ನಾವು ರೊಟ್ಟಿ ಎನ್ನುವುದನ್ನು ಮರಾಠಿಯವರು ಭಾಕರಿ ಎನ್ನುತ್ತಾರೆ. ಗೋವಾದಲ್ಲಿ ಭಾಜಿ ಎಂದರೆ ಪಾವಿನ ಜೊತೆ ಕೊಡುವ ಪಲ್ಯ. ಬಜ್ಜಿ ಬರುತ್ತದೆಂದು ಕಾದು ಕೂತ ಕನ್ನಡಿಗ ತಟ್ಟೆ ನೋಡಿ ಪೇಚಾಡುತ್ತಾನೆ. ಒಳ್ಳೆಯ ವಿಡಿಯೋದವನು ಎರಡೂ ಹೆಸರು ಹೇಳಬೇಕು. ಬೋರ್ಡಿನಲ್ಲಿ ಬರೆದಿರುವುದು ಒಂದು, ಜನ ಕೇಳುವುದು ಇನ್ನೊಂದು ಎಂದು ತಿಳಿಸಬೇಕು.

ಇನ್ನೂ ಒಂದು ಅನುಕೂಲ. ಬೋರ್ಡು ಮರಾಠಿಯಲ್ಲಿದ್ದರೂ ಒಳಗೆ ರೊಟ್ಟಿ ಬಡಿಯುವ ತಾಯಿ ಕನ್ನಡದವರಾಗಿರಬಹುದು. ಬೋರ್ಡು ತಮಿಳಿನಲ್ಲಿದ್ದರೂ ಗಲ್ಲಾದಲ್ಲಿ ಕೂತ ಯಜಮಾನರು ಮನೆಯಲ್ಲಿ ಕನ್ನಡ ಆಡುವವರಿರಬಹುದು. 'ಅವ್ವಾ, ಈ ಚಟ್ನಿಗೆ ಏನೇನು ಹಾಕ್ತೀರಿ?' ಎಂದು ಅವರ ಮನೆಮಾತಿನಲ್ಲಿ ಕೇಳಿ ನೋಡಿ, ಮಾತಿಗೆ ಮಾತು ಬೆಳೆದು ಅಡುಗೆಯ ಗುಟ್ಟೇ ಹೊರಬೀಳುತ್ತದೆ. ದೊಡ್ಡ ಪಟ್ಟಣದಿಂದ ಕಾರಿನಲ್ಲಿ ಬಂದು, ಬೋರ್ಡಿನ ಅಕ್ಷರತಪ್ಪಿಗೆ ನಕ್ಕು, ಅವರ ಬೆರಕೆ ಮಾತನ್ನು ಅಣಕಿಸಿ ಹೋಗುವವರೂ ಇದ್ದಾರೆ. ಅಂಥವರಿಗೆ ಆ ಗುಟ್ಟು ಸಿಗುವುದಿಲ್ಲ. ತಟ್ಟೆಯ ಮುಂದೆ ಕೂತು ಭಾಷೆಯ ಜಗಳ ತೆಗೆಯುವವರಿಗೂ ಸಿಗುವುದಿಲ್ಲ.

ಈಗ ಎಲ್ಲಕ್ಕಿಂತ ಕಠಿಣವಾದ ಸಂಗತಿಗೆ ಬರುತ್ತೇನೆ. ಅದು ದುಡ್ಡಿನದು.

ಉಂಡ ಮನೆಯ ಜಂತೆ ಎಣಿಸಬಾರದು ಎಂಬುದು ನಮ್ಮ ಹಿರಿಯರ ಮಾತು. ಕರೆದು ಉಣಿಸಿದವರ ಮನೆಯ ಕುಂದುಕೊರತೆಯನ್ನು ಹೊರಗೆ ಹೇಳುವುದು ದ್ರೋಹ ಎಂದು ಅದರ ಅರ್ಥ. ಆದರೆ ಹೋಟೆಲಿನ ವಿಡಿಯೋ ಮಾಡುವವನ ಕೆಲಸವೇ ಜಂತೆ ಎಣಿಸುವುದು! ಹಾಗಾದರೆ ಹಿರಿಯರ ಮಾತನ್ನು ಮುರಿಯುವುದೇ? ಮುರಿಯಬೇಕಾಗಿಲ್ಲ. ಆ ಮಾತು ಅತಿಥಿಗೆ ಹೇಳಿದ್ದು, ಗಿರಾಕಿಗಲ್ಲ. ದುಡ್ಡು ಕೊಟ್ಟು ಉಂಡವನು ಗಿರಾಕಿ. ಅವನಿಗೆ ಎಣಿಸುವ ಹಕ್ಕಿದೆ. ಪುಕ್ಕಟೆ ಉಂಡವನು ಅತಿಥಿ. ಅವನು ಹೊಗಳಲೇಬೇಕು, ಇಲ್ಲವೇ ಸುಮ್ಮನಿರಬೇಕು. ಅತಿಥಿಯಾಗಿ ಉಂಡು ಗಿರಾಕಿಯ ವೇಷದಲ್ಲಿ ಮಾತಾಡುವುದಿದೆಯಲ್ಲ, ಮೋಸ ಇರುವುದು ಅಲ್ಲಿ.

ಕಾನೂನು ಕೂಡ ಇದನ್ನೇ ಹೇಳುತ್ತದೆ. 2019 ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕೆಳಗೆ 2022 ರ ಜೂನ್‌ನಲ್ಲಿ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಬಂತು. 2023 ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯು ಯೂಟ್ಯೂಬ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಹೊಗಳಿ ಹೇಳುವವರಿಗೆಂದೇ ಬೇರೆ ಸೂಚನೆ ಹೊರಡಿಸಿತು. ದುಡ್ಡು ಮಾತ್ರವಲ್ಲ, ಪುಕ್ಕಟೆ ಪದಾರ್ಥ, ರಿಯಾಯಿತಿ, ಉಡುಗೊರೆ, ಪ್ರವಾಸ, ಯಾವುದನ್ನು ಪಡೆದಿದ್ದರೂ ಅದನ್ನು ನೋಡುವವರಿಗೆ ತಿಳಿಸಬೇಕು. ವಿಡಿಯೋದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದರೆ ಸಾಲದು. ವಿಡಿಯೋದ ಒಳಗೇ ತೋರಿಸಬೇಕು, ಬಾಯಿಬಿಟ್ಟು ಹೇಳಲೂ ಬೇಕು. ದಾರಿ ತಪ್ಪಿಸಿದರೆ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ. ಇಷ್ಟಕ್ಕೂ, 'ಈ ಊಟಕ್ಕೆ ಹೋಟೆಲಿನವರು ದುಡ್ಡು ತೆಗೆದುಕೊಳ್ಳಲಿಲ್ಲ' ಎಂದು ಮೊದಲೇ ಹೇಳಿಬಿಟ್ಟರೆ ಯಾರ ಗಂಟು ಹೋಗುತ್ತದೆ? ಕೇಳಿದವರು ಆ ಮಾತನ್ನು ಅಷ್ಟಕ್ಕೆ ತಕ್ಕಂತೆ ತೂಗಿಕೊಳ್ಳುತ್ತಾರೆ.

ದುಡ್ಡು ಕೊಟ್ಟರೂ ಇನ್ನೊಂದು ತೊಡಕು ಉಳಿಯುತ್ತದೆ. ದೊಡ್ಡ ಕ್ಯಾಮೆರಾ ಹಿಡಿದು ಒಳಗೆ ಬಂದರೆ ಯಜಮಾನರೇ ಎದ್ದು ಬರುತ್ತಾರೆ. ತಟ್ಟೆಯಲ್ಲಿ ಎರಡು ಗೋಡಂಬಿ ಹೆಚ್ಚು, ಒಂದು ಚಮಚ ತುಪ್ಪ ಹೆಚ್ಚು. ಆ ತಟ್ಟೆ ನಿಮಗೂ ನನಗೂ ಸಿಗುವ ತಟ್ಟೆಯಲ್ಲ. ಅದಕ್ಕೇ ಮಿಶೆಲಿನ್ ಕೈಪಿಡಿಯವರು ತಮ್ಮ ಪರೀಕ್ಷಕರು ಯಾರೆಂದು ಹೋಟೆಲಿನವರಿಗೆ ತಿಳಿಯದಂತೆ ನೋಡಿಕೊಳ್ಳುತ್ತಾರೆ. ಅಮೆರಿಕದಲ್ಲಿ ಕೀತ್ ಲೀ ಎಂಬವರಿದ್ದಾರೆ. ಹೋಟೆಲ್ ವಿಡಿಯೋಗಳಿಂದಲೇ ದೇಶವೆಲ್ಲ ಹೆಸರಾದವರು. ಅವರು ಮನೆಯವರನ್ನು ಕಳಿಸಿ ದುಡ್ಡು ಕೊಟ್ಟು ಪಾರ್ಸೆಲ್ ತರಿಸುತ್ತಾರೆ, ಕಾರಿನಲ್ಲಿ ಕೂತು ತಿಂದು, ಹತ್ತಕ್ಕೆ ಇಷ್ಟು ಎಂದು ಮಾರ್ಕು ಕೊಡುತ್ತಾರೆ. 2023 ರಲ್ಲಿ ಅವರು ಅಟ್ಲಾಂಟಾ ನಗರಕ್ಕೆ ಹೋದಾಗ, ಮನೆಯವರು ಕೇಳಿದರೆ ಆಗದೆಂದ ಕೆಲಸ ಅವರ ಮುಖ ಕಂಡ ಕೂಡಲೇ ಆಗುತ್ತದೆಂಬುದನ್ನು ವಿಡಿಯೋದಲ್ಲೇ ಹೇಳಿದರು. ಆ ಊರಿನಲ್ಲಿ ದೊಡ್ಡ ಚರ್ಚೆಯೇ ಆಯಿತು. ನಮ್ಮವರು ಕಾರಿನಲ್ಲೇ ಕೂರಬೇಕೆಂದಿಲ್ಲ. ಮೊದಲು ಸಾಮಾನ್ಯ ಗಿರಾಕಿಯಂತೆ ಹೋಗಿ ಉಂಡು ಬರಲಿ. ಇನ್ನೊಂದು ದಿನ ಅಪ್ಪಣೆ ಕೇಳಿ ಕ್ಯಾಮೆರಾ ತೆಗೆದುಕೊಂಡು ಹೋಗಲಿ. ಎರಡು ದಿನದ ರುಚಿಯೂ ಒಂದೇ ಆಗಿದ್ದರೆ ಆ ಹೋಟೆಲು ನಂಬಿಕಸ್ತ ಹೋಟೆಲು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತಾರೆ. ಒಂದು ಪಾತ್ರೆಯ ಅನ್ನಕ್ಕೆ ಅದು ನಿಜ. ಒಂದು ಹೋಟೆಲಿಗೆ ನಿಜವಲ್ಲ. ಸಂತೆಯ ದಿನ ಬೇರೆ, ಉಳಿದ ದಿನ ಬೇರೆ. ಬೆಳಗಿನ ಇಡ್ಲಿ ಬೇರೆ, ಹನ್ನೊಂದು ಗಂಟೆಯ ಇಡ್ಲಿ ಬೇರೆ. ಒಳ್ಳೆಯ ಭಟ್ಟರು ಊರಿಗೆ ಹೋದ ವಾರದ ಸಾರು ಬೇರೆ.

ಏಕೆ ಇಷ್ಟು ಎಚ್ಚರ ಎಂದರೆ, ಈ ವಿಡಿಯೋಗಳಿಗೆ ಬಲ ಬಹಳ. 2020 ರ ಅಕ್ಟೋಬರಿನಲ್ಲಿ, ಕೊರೋನಾ ಕಾಲದಲ್ಲಿ, ದಿಲ್ಲಿಯ ಮಾಳವೀಯ ನಗರದ 'ಬಾಬಾ ಕಾ ಢಾಬಾ' ಎಂಬ ಪುಟ್ಟ ಅಂಗಡಿಯ ವಿಡಿಯೋ ದೇಶವೆಲ್ಲ ಹರಿದಾಡಿದ್ದು ನಿಮಗೆ ನೆನಪಿರಬಹುದು. ವ್ಯಾಪಾರವಿಲ್ಲದೆ ಕಣ್ಣೀರಿಟ್ಟ ಮುದುಕ ದಂಪತಿಯ ಅಂಗಡಿಯ ಮುಂದೆ ಮರುದಿನ ಜನ ಸಾಲುಗಟ್ಟಿದರು. ಆ ವರ್ಷದ ಡಿಸೆಂಬರಿನಲ್ಲಿ ಅವರು ಹೊಸ ಹೋಟೆಲನ್ನೇ ತೆರೆದರು. ಆದರೆ ಕ್ಯಾಮೆರಾ ಹಿಡಿದು ಬಂದ ಜನ ದಿನವೂ ಬರುವ ಗಿರಾಕಿಗಳಾಗಿರಲಿಲ್ಲ. ಖರ್ಚು ಏರಿತು, ವರಮಾನ ಇಳಿಯಿತು. 2021 ರ ಫೆಬ್ರವರಿಯಲ್ಲಿ ಹೋಟೆಲು ಮುಚ್ಚಿ ಮತ್ತೆ ಹಳೆಯ ಅಂಗಡಿಗೇ ಬಂದರು. ಕರುಣೆಯಿಂದ ಬಂದವರು ಒಂದು ಸಲ ಬರುತ್ತಾರೆ, ರುಚಿಗೆ ಬಂದವರು ಮತ್ತೆ ಮತ್ತೆ ಬರುತ್ತಾರೆ. ಬಡವನ ಅಂಗಡಿಗೆ ಉಪಕಾರ ಮಾಡಬೇಕೆನ್ನುವ ವಿಡಿಯೋದವನು ಅವನ ಕಣ್ಣೀರಿಗಿಂತ ಅವನ ಸಾರಿನ ವಿಷಯ ಹೆಚ್ಚು ಹೇಳಬೇಕು. ಎಷ್ಟು ಜನಕ್ಕೆ ಆಗುವಷ್ಟು ಮಾಡುತ್ತಾರೆ, ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಎಂದೂ ತಿಳಿಸಬೇಕು. ಐವತ್ತು ಊಟ ಮಾಡುವ ಮನೆಗೆ ಐನೂರು ಜನರನ್ನು ಅಟ್ಟಿದರೆ, ದಿನವೂ ಉಣ್ಣುತ್ತಿದ್ದ ಹಮಾಲಿ, ಮೇಸ್ತ್ರಿ, ಶಾಲೆಯ ಮೇಷ್ಟ್ರು ಹಸಿದು ಹಿಂದಿರುಗುತ್ತಾರೆ.

ಕಟ್ಟುವ ಬಲವಿದ್ದರೆ ಕೆಡಿಸುವ ಬಲವೂ ಇರುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಪ್ಪತ್ತು ವರ್ಷದಿಂದ ನಡೆದ ಖಾನಾವಳಿಯ ಹೆಸರು ಎರಡು ನಿಮಿಷದ ವಿಡಿಯೋದಿಂದ ಹಾಳಾಗಬಹುದು. ಹಾಗೆಂದು ದೋಷ ಮುಚ್ಚಿಡಬೇಕೆಂದು ನಾನು ಹೇಳುವುದಿಲ್ಲ. ದೋಷ ಹೇಳುವ ರೀತಿಯೊಂದಿದೆ. 'ನಾನು ಹೋದದ್ದು ಬುಧವಾರ, ಮಧ್ಯಾಹ್ನ ಎರಡೂವರೆಗೆ. ಆ ಹೊತ್ತಿಗೆ ಪಲ್ಯ ತಣ್ಣಗಾಗಿತ್ತು. ಹೇಳಿದ ಮೇಲೆ ಬಿಸಿ ಮಾಡಿ ಕೊಟ್ಟರು' ಎಂದರೆ ಅದು ಸಾಕ್ಷಿಯ ಮಾತು. 'ಇಲ್ಲಿಗೆ ಯಾರೂ ಬರಬೇಡಿ' ಎಂದರೆ ಅದು ತೀರ್ಪು. ನಮಗೆ ಬೇಕಾಗಿರುವುದು ಸಾಕ್ಷಿ. ತೀರ್ಪು ನಾವು ಕೊಟ್ಟುಕೊಳ್ಳುತ್ತೇವೆ. ಹಳಸಿದ್ದು, ಕೊಳಕು, ಆರೋಗ್ಯಕ್ಕೆ ಕೇಡಾಗುವಂಥದ್ದು ಕಂಡರೆ ಮಾತ್ರ ಮುಲಾಜಿಲ್ಲದೆ ಹೇಳಬೇಕು. ಮೊದಲು ಯಜಮಾನರಿಗೆ ಹೇಳಬೇಕು, ಅವರು ಕೊಟ್ಟ ಉತ್ತರವನ್ನೂ ವಿಡಿಯೋದಲ್ಲಿ ಸೇರಿಸಬೇಕು. ಅಧಿಕಾರಿಗಳಿಗೆ ದೂರು ಕೊಡಬೇಕು.

ಇನ್ನು ಕ್ಯಾಮೆರಾದ ಮುಂದೆ ಬರುವ ಜನರ ವಿಷಯ. ಪಕ್ಕದ ಮೇಜಿನಲ್ಲಿ ಉಣ್ಣುತ್ತಿರುವ ಸಂಸಾರಸ್ಥರು ವಿಡಿಯೋದಲ್ಲಿ ಬರಲು ಒಪ್ಪಿದ್ದಾರೆಯೇ? ಬೆವರು ಒರೆಸಿಕೊಳ್ಳುತ್ತ ತಟ್ಟೆ ತೊಳೆಯುವ ಹುಡುಗನ ಮುಖಕ್ಕೆ ಕ್ಯಾಮೆರಾ ಹಿಡಿಯುವುದು ಯಾವ ನ್ಯಾಯ? ಬಡಿಸುವವರ ನಡವಳಿಕೆ ಚೆನ್ನಾಗಿದ್ದರೆ ಹೇಳಲಿ, ಕೆಲಸದ ಒತ್ತಡದಲ್ಲಿ ಸಿಡುಕಿದರೆ ಅದನ್ನೇ ದೊಡ್ಡದು ಮಾಡದಿರಲಿ. ಉಣ್ಣುವವರ ಮುಖ ನೋಡಬಾರದೆಂಬುದು ನಮ್ಮಲ್ಲಿ ಹಳೆಯ ಮರ್ಯಾದೆ. ಕ್ಯಾಮೆರಾ ಬಂದಿತೆಂದು ಅದನ್ನು ಬಿಡಬೇಕಾಗಿಲ್ಲ.

ಬಂಧುಗಳೇ, ನಿಮ್ಮ ಮನೆಯ ಹುಡುಗ ಹುಡುಗಿಯರ ಕೈಯಲ್ಲೂ ಮೊಬೈಲ್ ಇದೆ. ಅವರು ವಿಡಿಯೋ ಮಾಡುತ್ತೇನೆಂದರೆ ಬೈಯಬೇಡಿ. ದೂರದ ಪಟ್ಟಣದ ದೊಡ್ಡ ಹೋಟೆಲಿನ ಕಡೆ ಓಡದೆ, ತಮ್ಮ ಊರಿನ ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಿಂದಲೇ ಶುರು ಮಾಡಲಿ. ಅಲ್ಲಿನ ರುಚಿ ಅವರಿಗೆ ಗೊತ್ತು, ಅಲ್ಲಿನ ಎರಡು ಭಾಷೆಯೂ ಗೊತ್ತು. ಸುಳ್ಳು ಹೇಳಿದರೆ ಮರುದಿನ ಅದೇ ದಾರಿಯಲ್ಲಿ ನಡೆಯಬೇಕೆಂಬ ಭಯವೂ ಇರುತ್ತದೆ. ಆ ಭಯ ಒಳ್ಳೆಯದು. ದೂರದಿಂದ ಬಂದವನಿಗೆ ಅದು ಇರುವುದಿಲ್ಲ. ಒಳ್ಳೆಯ ಬೆಳಕಿರುವ ಕಡೆ ಕೂತು, ಫ್ಯಾನಿನ ಶಬ್ದ ಮಾತನ್ನು ನುಂಗದಂತೆ ನೋಡಿಕೊಂಡು, ಐದಾರು ನಿಮಿಷದಲ್ಲಿ ಮುಗಿಸಲಿ. 'ಸೂಪರ್' ಎಂಬ ಮಾತನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಲಿ. ಆಗ ಕನ್ನಡದಲ್ಲಿ ಹದಕ್ಕೆ ಎಷ್ಟು ಮಾತಿದೆಯೆಂಬುದು ಅವರ ಬಾಯಿಗೇ ತಿಳಿಯುತ್ತದೆ. ಶಾಲೆಯಲ್ಲಿ ಬೇರೆ ಭಾಷೆ ಓದುವ ನಮ್ಮ ಮಕ್ಕಳಿಗೆ ಇದೂ ಒಂದು ಕನ್ನಡ ಪಾಠವೇ.

ನೋಡುವವರಾದ ನಮಗೂ ಒಂದು ಹೊಣೆಯಿದೆ. ವಿಡಿಯೋ ನೋಡಿ ಹೋಗಿ ಉಂಡು ಬಂದ ಮೇಲೆ, ಅದು ಹೇಳಿದಂತೆಯೇ ಇತ್ತೋ ಇಲ್ಲವೋ ಎಂದು ಅದರ ಕೆಳಗೆ ಎರಡು ಸಾಲು ಬರೆಯಿರಿ. ನಿಮಗೆ ಬರುವ ಕನ್ನಡದಲ್ಲಿ, ತಾರೀಕು ಮತ್ತು ಬೆಲೆಯ ಜೊತೆಗೆ ಬರೆಯಿರಿ. ಮುಂದೆ ಹೋಗುವವರಿಗೆ ಅದು ದಾರಿಬುತ್ತಿಯಾಗುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ನಿಮಗೆ ಗೊತ್ತೇ ಇದೆ. ಹೋಟೆಲಿನ ವಿಡಿಯೋ ಮಾಡುವವನು ಊಟವನ್ನೂ ಬಲ್ಲವನಾಗಿರಬೇಕು, ಮಾತನ್ನೂ ಬಲ್ಲವನಾಗಿರಬೇಕು. ಅದರ ಜೊತೆಗೆ ತನ್ನ ಬಿಲ್ಲನ್ನು ತಾನೇ ಕೊಟ್ಟವನೂ ಆಗಿರಬೇಕು. ಈ ಮೂರು ಇದ್ದವನು ಸಿಕ್ಕರೆ, ಅವನ ಮಾತು ನಂಬಿ ನೀವು ಧೈರ್ಯವಾಗಿ ಬಸ್ಸು ಹತ್ತಬಹುದು.